ರಾಜನ ಪಕ್ಕದಲ್ಲೊಂದು ಹೊಲಿಗೆ ಯಂತ್ರ

ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಗಂಡಸಿನ ಕೆಲಸವೇನೆಂದು ಯಾರಾದರೂ ಕೇಳಿದರೆ, ಮಂಚದ ಕೆಳಗಿನ ಟ್ರಂಕುಗಳನ್ನು ಎಳೆದು, ಒಂದರ ಮೇಲೊಂದು ಜೋಡಿಸಿ, ಬಿಳಿ ಪಂಚೆ ಹೊದಿಸಿ, ಸೊಂಟ ಹಿಡಿದುಕೊಂಡು ಪಕ್ಕಕ್ಕೆ ಸರಿಯುವುದು ಎಂದು ಅನುಭವದಿಂದ ಹೇಳಬಲ್ಲೆ. ಮೆಟ್ಟಿಲು ಕಟ್ಟುವವನು ನಾನಾದರೂ, ಯಾವ ಮೆಟ್ಟಿಲಿಗೆ ಯಾರೆಂಬ ಮಂತ್ರಿಮಂಡಲ ರಚನೆ ಅಮ್ಮನದು: ಎಲ್ಲಕ್ಕಿಂತ ಮೇಲೆ ಪಟ್ಟದ ರಾಜ ಮತ್ತು ನಾನೇ ನೆರಿಗೆ ಹಿಡಿದು ಸೀರೆ ಉಡಿಸಿದ ರಾಣಿ, ನಡುವೆ ದೇವಾನುದೇವತೆಗಳು, ಕೆಳಗೆ ಅಂಗಡಿ ಹರವಿಕೊಂಡ ಶೆಟ್ಟಿ ದಂಪತಿ. ಚುನಾವಣೆಯಿಲ್ಲ, ಭಿನ್ನಮತವೂ ಇಲ್ಲ.

ಈ ಸಲ ಭಿನ್ನಮತ ನೇಪಾಳದಿಂದ ಬಂತು. ಸರಸ್ವತಿಪುರಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಬಿನಿತಾ ಕಲಾವಿದೆ. ಚಿತ್ರಕಲೆ ಓದಲು ಬಂದು, ಕನ್ನಡವನ್ನೂ ಕಲಿತು, ಇಲ್ಲೇ ಉಳಿದವಳು. ನೇಪಾಳದವರೆಂದರೆ ಕಾವಲುಗಾರರೇ ಎಂದು ನಂಬಿದ ನಮ್ಮ ಬೀದಿಯವರು "ನಿಮ್ಮಪ್ಪ ಯಾವ ಬಿಲ್ಡಿಂಗ್‌ನಲ್ಲಿ ಗೂರ್ಖಾ ಕಣಮ್ಮ?" ಎಂದು ಕೇಳೀ ಕೇಳೀ, ಅವಳು ಕಡೆಗೆ ಟೊಪ್ಪಿಗೆ ಧರಿಸಿ ಸೀಟಿ ಕಚ್ಚಿಕೊಂಡ ತನ್ನದೇ ಚಿತ್ರ ಬರೆದು ಪ್ರದರ್ಶನಕ್ಕಿಟ್ಟಳು. ಕೇಳಿದವರೆಲ್ಲ ಹೋಗಿ, ನೋಡಿ, ಮನಸಾರೆ ಮೆಚ್ಚಿ ಬಂದರು. ನಮ್ಮ ಸೌಜನ್ಯಕ್ಕೆ ಸಾಟಿಯುಂಟೇ, ನೀವೇ ಹೇಳಿ.

ಗೊಂಬೆ ಕೂರಿಸುವ ದಿನ ಅವಳು ತಾನೇ ಮಾಡಿದ ಮಣ್ಣಿನ ಗೊಂಬೆಯೊಂದನ್ನು ತಂದಳು. ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಂಗಸು. "ನಮ್ಮಮ್ಮ," ಎಂದಳು. ವರ್ಷಕ್ಕೊಂದು ಹೊಸ ಗೊಂಬೆ ಸೇರಬೇಕೆಂಬುದು ನಮ್ಮ ಮನೆಯ ಪದ್ಧತಿ. ನಾನು ಮಹಾ ಉತ್ಸಾಹದಿಂದ ಅದನ್ನು ಕೆಳಗೆ, ಶೆಟ್ಟರ ಪಕ್ಕ, ಕಸುಬಿನವರ ಸಾಲಿನಲ್ಲಿಟ್ಟೆ. ಬಿನಿತಾಳ ಮುಖ ಸಪ್ಪಗಾಯಿತು.

"ಊರಲ್ಲೂ ಅಮ್ಮನ ಜಾಗ ಅಲ್ಲೇ ಅಂಕಲ್. ನಮ್ದು ಹೊಲಿಗೆಯವರ ಜಾತಿ. ಮದುವೆ ಬಟ್ಟೆ ಅಮ್ಮನೇ ಹೊಲೀಬೇಕು, ಮದುವೆಮನೆ ಒಳಗೆ ಮಾತ್ರ ಕಾಲಿಡೋ ಹಾಗಿಲ್ಲ. ಇಲ್ಲಾದ್ರೂ ಮೇಲೆ ಕೂರ್ಲಿ ಅಂತ ಮಾಡ್ದೆ."

ನನಗೆ ತುಂಬ ನಾಚಿಕೆಯಾಯಿತು. ಅಳುಕುತ್ತ ಅಮ್ಮನ ಕಡೆ ನೋಡಿದೆ. ಪದ್ಧತಿಯ ವಿಷಯದಲ್ಲಿ ಹರಿಹರ ಬ್ರಹ್ಮಾದಿಗಳು ಬಂದರೂ ಜಗ್ಗುವವಳಲ್ಲ ಆಕೆ. ಗೊಂಬೆಯನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಲ್ವೋ, ಹೊಲಿಯೋಳಿಗೆ ಬೆಳಕು ಬೇಡ್ವೇನೋ? ಟ್ಯೂಬ್‌ಲೈಟ್ ಇರೋದು ಮೇಲೆ ತಾನೇ? ಆ ರಾಜನ್ನ ಒಂಚೂರು ಅತ್ಲಾಗೆ ಸರಿಸು."

ನಾನು ಹುಟ್ಟುವ ಮೊದಲಿನಿಂದಲೂ ಅಲುಗದ ಅರಸು ನಾಲ್ಕು ಬೆರಳು ಸರಿದ. ಅಮ್ಮ ಸ್ಟೂಲು ಹತ್ತಿ, ಗೊಂಬೆಯನ್ನು ತಾನೇ ಕೂರಿಸಿ, ಕುಂಕುಮವಿಟ್ಟಳು. ಬಿನಿತಾ ಅಲ್ಲಿಂದಲೇ ತಾಯಿಗೆ ವಿಡಿಯೊ ಕರೆ ಮಾಡಿ ತೋರಿಸಿದಳು. ಆಕೆ ಪರದೆಗೆ ಮುಖ ಹತ್ತಿರ ತಂದು ನೋಡಿ, ನೇಪಾಳಿಯಲ್ಲಿ ಏನೋ ಕೇಳಿದಳು.

"ಮುಟ್ಟಿ ಮೇಲೆ ಕೂರಿಸಿದ್ದು ಯಾರು ಅಂತ ಕೇಳ್ತಿದಾಳೆ," ಎಂದಳು ಬಿನಿತಾ.

ಅಮ್ಮನಿಗೆ ನೇಪಾಳಿ ಬಾರದು. ಕುಂಕುಮವಾಗಿದ್ದ ತನ್ನೆರಡೂ ಅಂಗೈಗಳನ್ನು ಫೋನಿನ ಮುಂದೆ ಹಿಡಿದಳು. ಆ ಕಡೆಯಿಂದಲೂ ಎರಡು ಅಂಗೈಗಳು ಮೇಲೆದ್ದವು. ಆಮೇಲೆ ಆ ತಾಯಿ ರಾಣಿಯ ಸೀರೆಯ ಸೊಟ್ಟ ನೆರಿಗೆಯತ್ತ ಬೆರಳು ಮಾಡಿ ನಕ್ಕಳು; ನೆರಿಗೆ ಹಿಡಿದವನು ಇವನೇ ಎಂದು ಅಮ್ಮ ಒಡನೆಯೇ ನನ್ನತ್ತ ಬೆರಳು ಮಾಡಿದಳು.