ಭರಣಿ ಕೆರೆಯುವ ಹುನೆರೋ

ನೈಲ್ ದಂಡೆಯ ಅರಮನೆಯ ಗಾಜಿನ ಕುಲುಮೆಯಲ್ಲಿ ಎಲ್ಲರಿಗಿಂತ ಗಟ್ಟಿ ಬಾಯಿ ಹುನೆರೋ ಎಂಬ ಮುದುಕಿಯದು. ಮಣ್ಣು ಸಗಣಿ ಕಲಸಿ ಮಾಡಿದ ಅಚ್ಚಿಗೆ ಮೇಸ್ತ್ರಿ ಪಾಶೆದ್ ಕರಗಿದ ನೀಲಿ ಗಾಜು ಸುತ್ತಿ, ಮೇಲೆ ಹಳದಿ ಎಳೆಗಳನ್ನು ಗರಿಯಂತೆ ಮೂಡಿಸಿ, ಭರಣಿ ಆರಿದ ಮೇಲೆ ಇವಳ ಮಡಿಲಿಗೆ ಹಾಕುತ್ತಾನೆ. ಒಳಗಿನ ಮಣ್ಣನ್ನು ಕಂಚಿನ ಕೊಕ್ಕೆಯಿಂದ ಕೆರೆದು ತೆಗೆಯುವುದು ಇವಳ ಕೆಲಸ. ಕೆರೆಯುತ್ತಲೇ ಊರವರ ಮಾನವನ್ನೂ ಕೆರೆಯುತ್ತಾಳೆ. ಹೊಸ ಪೂಜಾರಿ ಘಮಘಮಿಸುತ್ತ ಹಾದುಹೋದರೆ, “ಹೊರಗೆಲ್ಲ ಥಳಕು, ಒಳಗೆ ಬರೀ ಸಗಣಿ ಕಣ್ರೇ” ಎನ್ನುತ್ತಾಳೆ. ಪಾಶೆದ್‌ನನ್ನು ಯಾರಾದರೂ ಹೊಗಳಿದರಂತೂ ಮುಗಿಯಿತು: “ಮೈಗೆ ಬಣ್ಣ ಬಳಿದೋನಿಗೆ ಹೆಸರು, ಹೊಟ್ಟೆ ತೊಳೆದೋಳಿಗೆ ಕೆಮ್ಮು!” ಭರಣಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಮೂಸಿ, ಗೊಣಗಿ, ಮತ್ತೆ ಕೆರೆಯುತ್ತಾಳೆ; ಉಳಿದವರೆಲ್ಲ ರೊಟ್ಟಿ ತಿಂದು ಬಿಯರು ಕುಡಿದು ಮುಗಿಸಿದರೂ ಕೈಬಿಡಳು. ಮೊನ್ನೆ ಅರಮನೆಯ ಪುಟ್ಟ ಹುಡುಗಿಯೊಬ್ಬಳು ತೀರಿಹೋದಳು. ಸತ್ತ ಮೇಲಿನ ಲೋಕದಲ್ಲಿ ಕಣ್ಣಿಗೆ ಹಚ್ಚಿಕೊಳ್ಳಲೆಂದು ಅವಳ ಗೋರಿಯಲ್ಲಿಡುವ ಕಾಡಿಗೆಯ ಭರಣಿಗಾಗಿ ದೋಣಿ ಕಾದು ನಿಂತಿತ್ತು. “ಅಜ್ಜೀ, ಸಾಕು ಕೊಡೇ! ಗೋರಿಗೆ ಹೋಗೋದು, ಒಳಗೆ ಯಾರು ಇಣುಕಿ ನೋಡ್ತಾರೆ?” ಎಂದು ಪಾಶೆದ್ ರೇಗಿದ. ಹುನೆರೋ ತಲೆಯೆತ್ತಲಿಲ್ಲ. ಯಾವತ್ತೂ ತಗ್ಗದ ದನಿ ಅಂದು ತಗ್ಗಿತ್ತು. “ಇರಪ್ಪ. ಕಾಡಿಗೆ ಜೊತೆ ಮಣ್ಣು ಸೇರಿ ಮಗು ಕಣ್ಣಿಗೆ ಬಿದ್ರೆ, ಅಲ್ಲಿ ಊದೋಕೆ ಅವರಮ್ಮ ಇರಲ್ಲ.”