ಅಂಟಕ್ಕನ ಎಡಗೈ

ಅಂಟಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟದ್ದಂತೂ ಸರಿಯಾಗಿಯೇ ಇತ್ತು. ಇಪ್ಪತ್ತಾರು ವರ್ಷ ಫೈಬರ್ ದೋಣಿಗಳಿಗೆ ರೆಸಿನ್ ಎಂಬ ಅಂಟು ಬಳಿದೂ ಬಳಿದೂ ಅವಳ ಬೆರಳುಗಳಿಗೆ ಹೊಳಪು ಬಂದಿತ್ತು. ಕೆಲಸದ ಅಂಗಿ ಬಿಚ್ಚಿ ನೆಲಕ್ಕಿಟ್ಟರೆ ತಾನಾಗಿಯೇ ನಿಂತುಕೊಳ್ಳುವಷ್ಟು ಸೆಟೆದುಹೋಗಿತ್ತು. ನಾಲಿಗೆ ಅದಕ್ಕಿಂತ ಗಟ್ಟಿ.

ಶೆಡ್ಡು ಗಂಡನದೂ ಅವನ ತಮ್ಮನದೂ. ಹತ್ತು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಕೆಲಸವೆಲ್ಲ ಅವಳ ಪಾಲಿಗೆ ಬಂತು, ಮಾತು ಮೈದುನನ ಪಾಲಿಗೆ ಹೋಯಿತು. ಮೈದುನ ಬೆಣ್ಣೆಯಂಥ ಮಾತಾಡಿ ರಿಪೇರಿಗೆ ದೋಣಿ ಹಿಡಿದು ತರುತ್ತಿದ್ದ. ಕೈಗೆ ಬ್ರಷ್ ಕೊಟ್ಟರೆ ಮಾತ್ರ ಗೋಡೆಗೆ ಸುಣ್ಣ ಹೊಡೆಯುವವನೇ ಸರಿ. ಬಂದವರೆಲ್ಲ ಅವನ ಮಾತು ಕೇಳಿಸಿಕೊಂಡು, ತಲೆಯಾಡಿಸಿ, ಕೊನೆಗೆ "ಅಂಟಕ್ಕನೇ ಮಾಡ್ತಾರೆ ತಾನೆ?" ಎಂದು ಕೇಳುತ್ತಿದ್ದರು. ಹತ್ತು ವರ್ಷ ಈ ಒಂದು ಪ್ರಶ್ನೆಯನ್ನು ನುಂಗಿಕೊಂಡವನಿಗೆ ಏನನ್ನಿಸುತ್ತಿತ್ತೋ, ಅವಳು ಕೇಳಲು ಹೋಗಲಿಲ್ಲ.

ಅವಳ ಹೆಚ್ಚಿನ ಕೆಲಸ ದೋಣಿಯ ಹಿಂಬದಿ ಹಲಗೆಯದು. ಇಂಜಿನ್ ತೂಗುವುದು ಅದರ ಮೇಲೆಯೇ. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಯಾವುದೋ ಸ್ಕ್ರೂ ತೂತಿನಿಂದ ನೀರು ಹೊಕ್ಕರೆ ಮರ ಒಳಗೊಳಗೇ ಕೊಳೆಯುತ್ತದೆ, ಹೊರಗಿನ ಹೊಳಪು ಹಾಗೇ ಇರುತ್ತದೆ. ಅಂಟಕ್ಕ ಒಳಪದರವನ್ನು ಗ್ರೈಂಡರಿನಿಂದ ಕೊಯ್ದು, ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ನಾಲ್ಕು ದಿನ ಒಣಗಿಸಿ, ಹೊಸ ಪ್ಲೈವುಡ್ ಕೂರಿಸಿ, ಅದರ ಮೇಲೆ ರೆಸಿನ್ ಕುಡಿಸಿದ ಗಾಜುನಾರಿನ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಿದ್ದಳು. ಒಂದು ಗುಳ್ಳೆ ಉಳಿದರೂ ರೋಲರ್ ಕೆಳಗಿಡುತ್ತಿರಲಿಲ್ಲ. ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡನರನ್ನು ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು ಎಂದು ಆಕಾಶ ನೋಡಿ ಬೆರೆಸುತ್ತಿದ್ದಳು.

ಶೆಡ್ಡಿಗೊಂದು ಕಟ್ಟಳೆ ಇತ್ತು. ದೋಣಿ ಹೊರಡುವ ಮುನ್ನ, ಮಾಲೀಕನ ಎದುರಿಗೇ, ಅವಳು ಸುತ್ತಿಗೆಯ ಹಿಡಿಯಿಂದ ಹಲಗೆಯನ್ನು ಅಂಗುಲ ಬಿಡದೆ ತಟ್ಟಬೇಕು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪೊಳ್ಳಿದ್ದಲ್ಲಿ ಡಬ್ ಎನ್ನುತ್ತದೆ. ಎಲ್ಲ ಸರಿಯಿದ್ದರೆ ಅವಳು ದೋಣಿಗೆ "ಹೋಗು" ಎನ್ನುತ್ತಿದ್ದಳು. ಆ ಮಾತು ಅವಳ ಬಾಯಿಂದ ಬರುವ ತನಕ ಯಾವ ದೋಣಿಯೂ ನೀರಿಗಿಳಿಯುತ್ತಿರಲಿಲ್ಲ. ಮನೆಯಲ್ಲಾಗಲಿ ಹೊರಗಾಗಲಿ ಅವಳ ಮಾತು ನಡೆಯುತ್ತಿದ್ದ ಜಾಗ ಅದೊಂದೇ.

ಗ್ರೈಂಡರಿನ ಅರಚಾಟಕ್ಕೋ ರೆಸಿನ್ನಿನ ಘಾಟಿಗೋ, ಎರಡು ವರ್ಷದಿಂದ ಅವಳ ಕಿವಿ ಕೈಕೊಟ್ಟಿತ್ತು. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಒಳಗಿಳಿಯುತ್ತಿತ್ತು. ಎದುರು ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತುಕೊಂಡಳು. ತುಟಿ ಕಾಣದಿದ್ದರೆ ಬಾಯಲ್ಲಿ ಏನಿಟ್ಟುಕೊಂಡಿದ್ದೀಯ ಎಂದು ಗದರುತ್ತಿದ್ದಳು. ಜನ ಸೊಕ್ಕು ಎಂದರು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳು ಸುಮ್ಮನಿದ್ದಳು. ಕಿವುಡಿ ತಟ್ಟಿ ನೋಡಿದ ದೋಣಿಯನ್ನು ಯಾರು ನಂಬುತ್ತಾರೆ?

ತಟ್ಟುವುದರಲ್ಲಿ ಮಾತ್ರ ಅವಳು ಒಮ್ಮೆಯೂ ತಪ್ಪಲಿಲ್ಲ. ಬಲಗೈಯಲ್ಲಿ ತಟ್ಟುವಾಗ ಎಡ ಅಂಗೈಯನ್ನು ಪಕ್ಕದಲ್ಲೇ ಹಲಗೆಗೆ ಒತ್ತಿರುತ್ತಿದ್ದಳು. ಗಟ್ಟಿ ಹಲಗೆಯ ಪೆಟ್ಟು ಅಂಗೈಗೆ ಚುರುಕಾಗಿ ಬಂದು ತಾಗುತ್ತಿತ್ತು, ಪೊಳ್ಳಿನದು ನಡುದಾರಿಯಲ್ಲೇ ಸತ್ತುಹೋಗುತ್ತಿತ್ತು. ನೋಡಿದವರಿಗೆ ಅದು ಸುಮ್ಮನೆ ಆತುಕೊಂಡು ನಿಂತ ಕೈ.

ಈ ಗುಟ್ಟು ಗೊತ್ತಿದ್ದದ್ದು ಮಗಳೊಬ್ಬಳಿಗೇ. ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರ್ ಒಂಬತ್ತು ಸಲ ಕೂಗಿದರೂ ಅಮ್ಮ ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದದ್ದನ್ನು ನೋಡಿ ಅವಳು ಕಂಡುಹಿಡಿದಿದ್ದಳು. ಮಗಳು ಅಳತೊಡಗಿದಾಗ ಅಂಟಕ್ಕ ಅವಳ ಅಂಗೈಯನ್ನು ಊಟದ ಮೇಜಿನ ಮೇಲಿಟ್ಟು, ಕೆಳಗಿನಿಂದ ಬೆರಳಲ್ಲಿ ತಟ್ಟಿ ತೋರಿಸಿದಳು. ನೋಡು, ಕಿವಿ ಇಲ್ಲಿಗೆ ಬಂದಿದೆ ಎಂದು ನಕ್ಕಳು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ತಾಯಿ ಮಗಳು ಅಂದು ಹತ್ತಿರ ಕೂತಿದ್ದರು.

ಮಗಳ ಗಂಡನೂ ಅದೇ ಶೆಡ್ಡಿನವನು. ನಾಲ್ಕು ವರ್ಷದಿಂದ ಅವನ ಕೆಲಸ ಸ್ಯಾಂಡ್‌ಪೇಪರ್ ಹಿಡಿದು ಉಜ್ಜುವುದು, ಫೈಬರ್ ಧೂಳು ಮೈಗೆ ಹತ್ತಿಸಿಕೊಂಡು ಮನೆಗೆ ಹೋಗಿ ಕೆರೆದುಕೊಳ್ಳುವುದು. ಬಟ್ಟೆ ಹಾಸಲು ಅಂಟಕ್ಕ ಬಿಡುತ್ತಿರಲಿಲ್ಲ. ಒಮ್ಮೆ ಅವನು ಹಾಸಿದ ಪದರವನ್ನು ಐದಾರು ಜನರ ಎದುರಿಗೇ ಕಿತ್ತು ನೆಲಕ್ಕೆಸೆದು, "ಅಳಿಯಂದ್ರೇ, ಇದು ದೋಣಿ. ಹಾಸಿಗೆಗೆ ಹೊದಿಕೆ ಹೊದಿಸಿದ ಹಾಗಲ್ಲ" ಎಂದಿದ್ದಳು. ಅಳಿಯನೆಂಬ ಮರ್ಯಾದೆಗೆ ಬಹುವಚನ, ಉಳಿದದ್ದೆಲ್ಲ ಚಾಟಿ. ಅಂದು ಅವನು ಊಟ ಮಾಡಲಿಲ್ಲ. ಮಗಳೂ ಮಾಡಲಿಲ್ಲ. ಅಂಟಕ್ಕ ಎರಡು ಸಲ ಬಡಿಸಿಕೊಂಡಳು.

ಪ್ರಯಾಣಿಕರ ದೋಣಿಗಳ ಯಜಮಾನನೊಬ್ಬನಿದ್ದ. ಎಂಟು ದೋಣಿಗಳ ವರ್ಷದ ಕೆಲಸವನ್ನು ಇದೇ ಶೆಡ್ಡಿಗೆ ಕೊಡುವುದಾಗಿ ಹೇಳಿ, ಮೊದಲಿಗೆ ಒಂದನ್ನು ಕಳಿಸಿದ್ದ. ಅಂಟಕ್ಕ ಹಲಗೆ ಬದಲಿಸಿ ಮೂರು ಪದರ ಹಾಸಿದಳು. ಅವಳಿಗೆ ಎರಡು ದಿನ ಜ್ವರ ಬಂತು. ಕೊನೆಯ ಪದರವನ್ನೂ ಬಣ್ಣವನ್ನೂ ಅಳಿಯ ಮುಗಿಸಿದ್ದಾನೆ, ತಟ್ಟಲು ಬಂದರೆ ಸಾಕು ಎಂದು ಮೈದುನ ಹೇಳಿಕಳಿಸಿದ.

ಅವಳು ಬಂದಾಗ ಯಜಮಾನನ ಜೊತೆ ಅವನ ದೋಣಿ ನಡೆಸುವವರೂ ಸಾಲಾಗಿ ನಿಂತಿದ್ದರು. ಊಟದ ಹೊತ್ತಿಗೆ ಮಾತ್ರ ಬರುವ ಮಗಳು ಬೆಳಗ್ಗೆಯೇ ಬಂದು ಬಾಗಿಲ ಬಳಿ ನಿಂತಿದ್ದಳು. ಅಂಟಕ್ಕ ಸುತ್ತಿಗೆ ತೆಗೆದುಕೊಂಡು ಎಡ ಅಂಗೈಯನ್ನು ಹಲಗೆಗೆ ಒತ್ತಿದಳು. ಮೈದುನ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದು, ಮೆಲ್ಲಗೆ, ಮಗುವಿನ ಕೈಯಿಂದ ಚಾಕು ತೆಗೆಯುವವನಂತೆ, ಆ ಕೈಯನ್ನು ಎತ್ತಿ ಕೆಳಗಿಳಿಸಿದ. ಅವಳಿಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದ: "ಒಂದೇ ಕೈಯಲ್ಲಿ ತಟ್ಟಿ ಅತ್ತಿಗೆ."

ಅಂಟಕ್ಕ ಮಗಳ ಕಡೆ ನೋಡಿದಳು. ಮಗಳು ತನ್ನ ಚಪ್ಪಲಿ ನೋಡುತ್ತಿದ್ದಳು.

ಆಗಲೇ ಸುತ್ತಿಗೆ ಬಿಸಾಡಿ ನಡೆದುಬಿಟ್ಟಿದ್ದರೆ ಸೊಕ್ಕಿನವಳೆಂಬ ಹೆಸರಾದರೂ ಉಳಿಯುತ್ತಿತ್ತು. ಆದರೆ ಮೂರು ಪದರ ತನ್ನದು, ಒಳಗಿನ ಮರ ತನ್ನದು, ಇದರಲ್ಲಿ ತಪ್ಪು ಎಲ್ಲಿಂದ ಬರಬೇಕು ಎಂದು ಅವಳಿಗೆ ಹಟ ಬಂತು. ಒಂದೇ ಕೈಯಲ್ಲಿ ತಟ್ಟುತ್ತ ಹೋದಳು. ಬಲಮೂಲೆಗೆ ಬಂದಾಗ ದೋಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಬ್ ಎಂದದ್ದು ಬಾಗಿಲಲ್ಲಿದ್ದವರಿಗೂ ಕೇಳಿಸಿತ್ತು. ಅವಳು ಅದೇ ಮೂಲೆಯನ್ನು ಮತ್ತೆರಡು ಸಲ ತಟ್ಟಿ, ಕತ್ತೆತ್ತಿ, "ಹೋಗು" ಎಂದಳು.

ನಕ್ಕರು. ಆ ನಗು ಅವಳಿಗೆ ಕೇಳಿಸಲಿಲ್ಲ, ಕಾಣಿಸಿತು. ಒಬ್ಬ ತನ್ನ ಕಿವಿ ತೋರಿಸಿ ಪಕ್ಕದವನ ತೊಡೆ ತಟ್ಟಿ ನಕ್ಕ. ಇನ್ನೊಬ್ಬ ಅವಳಂತೆಯೇ ಕತ್ತೆತ್ತಿ "ಹೋಗು" ಎಂದು ಅಣಕಿಸಿದ.

ಅವಳು ಎಡ ಅಂಗೈಯನ್ನು ಮೂಲೆಗೆ ಒತ್ತಿ ತಟ್ಟಿದಳು. ಕೂಡಲೇ ತಿಳಿಯಿತು. ಗ್ರೈಂಡರ್ ತಂದು, ಯಾರು ತಡೆದರೂ ಕೇಳದೆ, ಆ ಮೂಲೆ ಕೊಯ್ದಳು. ಕೊನೆಯ ಪದರದ ಕೆಳಗೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆ ಇತ್ತು. ಬಟ್ಟೆ ಕೆಳಗಿನ ಪದರಕ್ಕೆ ಅಂಟದಿರಲೆಂದು ಬೇಕೆಂದೇ ಇಟ್ಟದ್ದು. ಅದನ್ನು ಎಳೆದು ಯಜಮಾನನ ಕಣ್ಣ ಮುಂದೆ ಹಿಡಿದಳು. ಅಳಿಯ ಗೋಡೆಯ ಕಡೆ ತಿರುಗಿದ.

ಯಜಮಾನ ಕೆಟ್ಟವನೇನಲ್ಲ. ಅವಳ ಎದುರಿಗೆ ನಿಂತು ನಿಧಾನವಾಗಿ ಹೇಳಿದ: "ಅದನ್ನ ಯಾರಿಟ್ರೋ ನಂಗೆ ಬೇಡ ಅಕ್ಕ. ಇದು ಪೊಳ್ಳಿತ್ತು, ನೀವು ಹೋಗು ಅಂದ್ರಿ. ನನ್ ದೋಣೀಲಿ ಜನ ಕೂರ್ತಾರೆ."

ಮೈದುನ ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡು ಅಳಿಯನಿಗೆ ಕೊಟ್ಟ. ಅಳಿಯ ತೆಗೆದುಕೊಂಡ. ಯಜಮಾನ ಎಂಟು ದೋಣಿಗಳ ಕೆಲಸದ ಮಾತನ್ನು ಅಲ್ಲೇ, ನಿಂತ ನಿಲುವಿನಲ್ಲೇ ಮೈದುನನ ಜೊತೆ ಮುಗಿಸಿದ.

ಮಗಳು ಹತ್ತಿರ ಬಂದಳು. ಕೇವಲ ತುಟಿ ಅಲುಗಿಸುತ್ತ, ಚಿಕ್ಕಪ್ಪನಿಗೆ ಕೈಯ ಗುಟ್ಟು ಹೇಳಿದವಳು ತಾನೇ, ಅಮ್ಮ ಇನ್ನಾದರೂ ಮನೆಯಲ್ಲಿ ಕೂತಿರಲಿ ಅಂತ ಹೇಳಿದ್ದು, ಗಂಡನೂ ಎಷ್ಟು ವರ್ಷ ಉಜ್ಜಬೇಕು ಎಂದಳು. ಅಂಟಕ್ಕನಿಗೆ ಪ್ರತಿಯೊಂದು ಅಕ್ಷರವೂ ತಿಳಿಯಿತು.

"ಕೇಳಿಸ್ಲಿಲ್ಲ" ಎಂದಳು.

ಮಗಳು ಅತ್ತಿತ್ತ ನೋಡಿ, ಸ್ವಲ್ಪ ದನಿ ಎತ್ತಿ ಮತ್ತೆ ಹೇಳಿದಳು. ಹೊರಟಿದ್ದ ದೋಣಿಯವರು ಬಾಗಿಲಲ್ಲಿ ನಿಂತರು.

"ಕೇಳಿಸ್ಲಿಲ್ಲ. ಕಿವುಡಿ ಅಲ್ವಾ ನಾನು. ಜೋರಾಗಿ ಹೇಳು."

ಮಗಳು ಅವಳ ಎಡಗಿವಿಗೆ ಬಾಯಿಟ್ಟು, ಅಳುತ್ತ, ಶೆಡ್ಡಿನ ತಗಡು ಅದುರುವಂತೆ ಕೂಗಿದಳು: "ನಾನೇ ಹೇಳ್ದೆ ಅಮ್ಮ. ನಿನ್ ಕೈ ವಿಷ್ಯ ಚಿಕ್ಕಪ್ಪಂಗೆ ನಾನೇ ಹೇಳ್ದೆ."

ಯಾರೂ ನಗಲಿಲ್ಲ. ಯಜಮಾನ ಮಗಳನ್ನು ನೋಡಿ, ಅಳಿಯನನ್ನು ನೋಡಿ, ಮುಖ ತಿರುಗಿಸಿಕೊಂಡ. ಮಗಳ ಕತ್ತಿನ ನರ ಉಬ್ಬಿತ್ತು. ಅಂಟಕ್ಕ ಅವಳ ಗಲ್ಲ ಹಿಡಿದು, ಆ ಮುಖವನ್ನು ಜನರ ಕಡೆಗೆ ತಿರುಗಿಸಿದಳು.

"ಇನ್ನೊಂದ್ಸಲ ಹೇಳು" ಎಂದಳು.