ಬರಿ ಕೊರಳು

ನಮ್ಮ ಬೀದಿಯ ಆ ಹುಡುಗಿಯನ್ನು ಅವಳು ಬಿಟ್ಟ ಗಂಡ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಸ್ಕೂಟರ್ ಅಡ್ಡಗಟ್ಟಿ ಕೊಂದ ದಿನ, ಕೊಡಿಗೇಹಳ್ಳಿಯ ನಾವೆಲ್ಲ ಮೊದಲು ಮಾಡಿದ ಕೆಲಸ ಟೀವಿ ಹಾಕಿದ್ದು. ಆಮೇಲೆ ಟೀವಿಯಲ್ಲಿ ನಮ್ಮ ಬೀದಿ ಕಾಣುತ್ತಿದೆಯೇ ಎಂದು ನೋಡಿದೆವು.

ಹುಡುಗಿ ಎನ್ನುತ್ತೇನೆ, ಮೂವತ್ತು ದಾಟಿದ್ದಳು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ತಾಯಿಯೊಂದಿಗೆ ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಇದ್ದಳು. ಆ ತಾಯಿಯನ್ನು ನಾನು ಚಿಕ್ಕಂದಿನಿಂದ ಅಕ್ಕ ಎಂದೇ ಕರೆದವಳು. ಅವರ ಹಿತ್ತಲಿನ ಸೀಬೆಕಾಯಿ ತಿಂದೇ ನನ್ನ ಹಲ್ಲು ಗಟ್ಟಿಯಾಗಿದ್ದು.

ವಿಚ್ಛೇದನದ ಕೇಸು ವರ್ಷಗಟ್ಟಲೆ ಎಳೆದಿತ್ತು. ಅವನು ಇವಳ ನಡತೆಯ ಮೇಲೆ ಬರೆಸಿದ, ಇವಳು ಅವನ ಹೊಡೆತ ಬಡಿತಗಳ ಬಗ್ಗೆ ಬರೆಸಿದಳು. ಯಾರು ಏನು ಬರೆಸಿದರು ಎನ್ನುವುದು ಮಧ್ಯಾಹ್ನ ಹೊಸಿಲ ಮೇಲೆ ಸೊಪ್ಪು ಬಿಡಿಸುತ್ತ ಕೂತ ನಮಗೆಲ್ಲ ಗೊತ್ತಿರುತ್ತಿತ್ತು. ಕೊನೆಗೆ ತೀರ್ಪು ಬಂದ ದಿನ ಅವಳು ತಾಳಿ ತೆಗೆದು, ಕವರಿನಲ್ಲಿಟ್ಟು, ವಕೀಲರ ಕೈಲಿ ಅವನಿಗೆ ಕಳಿಸಿದಳು. ಬರಿ ಕೊರಳಲ್ಲಿ ಸ್ಕೂಟರ್ ಹತ್ತಿ ಕೆಲಸಕ್ಕೆ ಹೊರಟಾಗ ಬೀದಿಯ ಕಣ್ಣೆಲ್ಲ ಅವಳ ಕತ್ತಿನ ಮೇಲೆಯೇ. ಅದನ್ನು ಅವಳು ಬಲ್ಲಳು. ದುಪಟ್ಟಾ ಮೇಲೆಳೆದುಕೊಳ್ಳಲಿಲ್ಲ.

ಕೊಂದವನು ತಾನೇ ಠಾಣೆಗೆ ಹೋಗಿ ಕೂತನಂತೆ. ಮರುದಿನ ಬೆಳಿಗ್ಗೆ ಹಾಲಿಗೆ ಹೋದರೆ ಬೂತಿನ ಮುಂದೆ ಇಬ್ಬರು ಹುಡುಗರು ಟೀ ಕುಡಿಯುತ್ತ ನಿಂತಿದ್ದರು.

"ತಪ್ಪು ಎರಡೂ ಕಡೆ ಇರುತ್ತೆ ಮಚ್ಚಾ."

"ಅವನನ್ನ ಎಷ್ಟ್ ಅಲೆದಾಡ್ಸಿದ್ಲು ಗೊತ್ತಾ ಕೋರ್ಟಿಗೆ? ತಲೆ ಕೆಟ್ಟೇ ಕೆಡುತ್ತೆ ಗುರು."

ಪಕ್ಕದಲ್ಲಿ ನಮ್ಮ ಎದುರುಮನೆಯ ಯಜಮಾನ. ಹೊಲ ಹೋದ ಮೇಲೆ ಉಳಿದ ಸೈಟಿನಲ್ಲಿ ನಾಲ್ಕಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟವರು. "ಮೇಲಿನ್ ಮನೆ ನೋಡಕ್ಕೆ ಇವತ್ತೊಂದು ಫ್ಯಾಮಿಲಿ ಬರೋದಿತ್ತಮ್ಮ. ಈ ಟೀವಿಯೋರ ವ್ಯಾನ್ ನೋಡಿದ್ರೆ ಹಂಗೇ ವಾಪಸ್ ಹೋಗ್ತಾರೆ" ಎಂದು ನನ್ನ ಹತ್ತಿರ ಹೇಳಿಕೊಂಡರು. ಅಷ್ಟರಲ್ಲಿ ಮೈಕು ಹಿಡಿದ ಹುಡುಗಿಯೊಬ್ಬಳು ಬೈಟ್ ಕೊಡ್ತೀರಾ ಸರ್ ಎಂದು ಕೇಳಿದಳು. ಒಂದ್ನಿಮಿಷ ಎಂದು ಮನೆಯೊಳಗೆ ಹೋದವರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದು, "ನಮ್ಮ ಮನೆ ಮಗಳಿದ್ದಂಗೆ ಇದ್ಲು" ಎಂದರು. ನನಗೆ ನಗು ಬಂತು. ನಗು ಬಂದದ್ದಕ್ಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ. ನೋಡಿದವರು ಅಳುತ್ತಿದ್ದೇನೆ ಎಂದುಕೊಂಡಿರಬೇಕು.

ಮಧ್ಯಾಹ್ನ ಹೆಣ ಬಂತು. ಶಾಮಿಯಾನದ ಕೆಳಗೆ ಇಟ್ಟರು.

ನಮ್ಮಲ್ಲಿ ಗಂಡನಿಗಿಂತ ಮೊದಲು ಹೋದ ಹೆಂಗಸು ಪುಣ್ಯವಂತೆ. ಅವಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಮಡಿಲು ತುಂಬಿ ಕಳಿಸುತ್ತೇವೆ. ಕಳಿಸುವ ಮುನ್ನ ಮುತ್ತೈದೆಯರೆಲ್ಲ ಸಾಲಾಗಿ ಬಂದು ಅವಳ ಕಾಲು ಮುಟ್ಟಿ, ಆ ತಟ್ಟೆಯ ಕುಂಕುಮವನ್ನೇ ತಮ್ಮ ಹಣೆಗೂ ತಾಳಿಗೂ ಹಚ್ಚಿಕೊಳ್ಳುತ್ತಾರೆ, ತಮಗೂ ಅಂಥದೇ ಸಾವು ಬರಲಿ ಎಂದು. ಬೀದಿಯಲ್ಲಿ ಇದನ್ನೆಲ್ಲ ನಡೆಸುವವಳು ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ನನ್ನನ್ನು ಎತ್ತಿ ಆಡಿಸಿದವಳು. ನನ್ನ ಬಾಯಲ್ಲಿರುವ ಅರ್ಧ ಮಾತು ಅವಳ ತೊಡೆಯ ಮೇಲೆ ಕೂತು ಕಲಿತದ್ದು. ಯಾರ ಮನೆಯಲ್ಲಿ ಹೆರಿಗೆಯಾಗಲಿ, ಸಾವಾಗಲಿ, ಕರೆಯುವ ಮೊದಲೇ ಸೆರಗು ಸಿಕ್ಕಿಸಿಕೊಂಡು ನಿಲ್ಲುವ ಜೀವ.

ಅವಳು ತಟ್ಟೆ ಜೋಡಿಸಿ ನನ್ನ ಕೈಗಿತ್ತಳು. ಅರಿಶಿನ, ಕುಂಕುಮ, ಬಳೆ, ಹೂವು. ಅದರ ಮಧ್ಯೆ ಅರಿಶಿನದ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು. ತಾಳಿಯಿಲ್ಲದವರಿಗೆ ತಾಳಿಯ ಬದಲು ಕಟ್ಟುವುದು ಅದನ್ನೇ.

"ಡೈವರ್ಸ್ ಆಗಿತ್ತಲ್ವಾ?" ಎಂದು ಯಾರೋ ಹೆಂಗಸು ಕೇಳಿದಳು.

"ಕೋಲ್ಟ್‌ನೋರು ಕಾಗದ ಕೊಟ್ರೆ ಆಗೋಯ್ತಾ? ಧಾರೆ ಎರೆದಿಲ್ವಾ? ಗಂಡ ಇನ್ನೂ ಬದುಕವ್ನೆ ಕಣವ್ವ. ಮುತ್ತೈದೇನೇ ಇವ್ಳು" ಎಂದಳು ದೊಡ್ಡಮ್ಮ.

ಆ ಗಂಡ ಎಲ್ಲಿ, ಯಾಕೆ ಬದುಕಿದ್ದಾನೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ತಲೆಗಳು ಒಂದೊಂದಾಗಿ ಆಡಿದವು. ನನ್ನದೂ ಆಡಿತು.

ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಗಂಡನಿಲ್ಲದವರು ಮುತ್ತೈದೆಯನ್ನು ಸಿಂಗರಿಸುವಾಗ ಹತ್ತಿರ ಬರಬಾರದೆಂದು ಅವರನ್ನು ಅಲ್ಲಿ ಕೂರಿಸಿದ್ದೆವು. ಹೆತ್ತ ತಾಯಿಯನ್ನು. ಬಳೆ ತೊಡಿಸುವವರೆಗೂ ಅವರು ಸುಮ್ಮನಿದ್ದರು. ದೊಡ್ಡಮ್ಮ ದಾರಕ್ಕೆ ಕೈ ಹಾಕಿದ ಕೂಡಲೇ ಎದ್ದು ಬಂದು ಅವಳ ಮಣಿಕಟ್ಟು ಹಿಡಿದರು.

"ಕುಂಕ್ಮ ಇಕ್ಕು, ಬ್ಯಾಡ ಅನ್ನಲ್ಲ. ಅದು ಹುಟ್ಟಿದಾಗ ನಾನೇ ಇಕ್ಕಿದ್ದು. ಊವ ಮುಡ್ಸು. ದಾರ ಮಾತ್ರ ಬ್ಯಾಡ."

"ಬರಿ ಕೊರಳಲ್ಲಿ ಕಳ್ಸಬಾರ್ದು ಕಣೆ."

"ಬರಿ ಕೊರಳಿಗೋಸ್ಕರಾನೇ ಅವ್ಳು ಅಷ್ಟು ವರ್ಸ ಕೋಲ್ಟಿಗೆ ಅಲ್ದಿದ್ದು. ಅವನದು ಏನೂ ಬ್ಯಾಡ ನನ್ ಮಗ್ಳ ಮೈಮ್ಯಾಗೆ. ಇಂಗೇ ಓಗ್ಲಿ ಬುಡು."

ಎದುರುಮನೆಯ ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಹಿಂದಿನಿಂದ ಮೆಲ್ಲಗೆ ಅಂದಳು: "ಬ್ಯಾಡ ಅನ್ನಾಕತ್ತಾರಲ್ರೀ ಅಮ್ಮಾರ, ಬಿಡ್ರಿ. ಆಕಿ ಹಡೆದಾಕಿ."

"ನೀವು ನೆನ್ನೆ ಮೊನ್ನೆ ಬಂದೋರಮ್ಮ, ನಮ್ ಪದ್ಧತಿ ನಿಮಗ್ ಗೊತ್ತಾಗಲ್ಲ" ಎಂದು ಎದುರುಮನೆಯ ಯಜಮಾನರ ಹೆಂಡತಿ ಅವಳ ಬಾಯಿ ಮುಚ್ಚಿಸಿದಳು. ಅವಳು ತಲೆ ತಗ್ಗಿಸಿ ಹಿಂದೆ ಸರಿದಳು.

ಅಕ್ಕ ಸುತ್ತ ನೋಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಬ್ಬಳು ಬಳೆ ಸರಿಮಾಡಿಕೊಂಡಳು, ಇನ್ನೊಬ್ಬಳಿಗೆ ಕೆಮ್ಮು ಬಂತು. ನನ್ನ ಹತ್ತಿರ ಬಂದಾಗ ಅವರ ನೋಟ ನಿಂತಿತು. ನಾನು ತಟ್ಟೆಯಲ್ಲಿದ್ದ ಹೂವನ್ನು ನೋಡುತ್ತಿದ್ದೆ. ಮಾತಿಗೆ ಎಂದೂ ತಡವರಿಸಿದವಳಲ್ಲ ನಾನು. ಅವತ್ತು ದೊಡ್ಡಮ್ಮನ ಎದುರು ಮಾತಾಡಬಾರದೆಂದು ಸುಮ್ಮನಿದ್ದೆ ಎಂದು ಹೇಳಬಹುದು, ಆದರೆ ಅದೂ ಪೂರ್ತಿ ನಿಜವಲ್ಲ. ಗೇಟಿನ ಹೊರಗೆ ಕ್ಯಾಮೆರಾ ಇತ್ತು. ನಮ್ಮ ಬೀದಿಯವರು ಹೆಣದ ಮುಂದೆ ಜಗಳವಾಡಿದರು ಎಂದು ಬರಬಾರದು, ಹಾಗಿತ್ತು ನನ್ನ ಲೆಕ್ಕ.

ಅಕ್ಕ ಹಿಡಿದ ಕೈ ಬಿಟ್ಟರು. ದೊಡ್ಡಮ್ಮ ಮೂರು ಗಂಟು ಹಾಕಿದಳು. ಆಮೇಲೆ ನಾವೆಲ್ಲ ಸಾಲು ನಿಂತೆವು. ಗಂಡನ ಕೈಯಿಂದಲೇ ಸತ್ತವಳ ಕಾಲು ಮುಟ್ಟಿ, ಅಂಥ ಸಾವು ನಮಗೂ ಬರಲೆಂದು ಕುಂಕುಮ ತೆಗೆದು ತಾಳಿಗೆ ಹಚ್ಚಿಕೊಂಡೆವು. ನನ್ನ ಹಿಂದಿದ್ದವಳು "ತಟ್ಟೆ ಸ್ವಲ್ಪ ಈ ಕಡೆ ಹಿಡೀರಿ" ಎಂದಳು. ಹಿಡಿದೆ.

ಅವರ ಮನೆತನದ ಮಣ್ಣು ಮಾಡುವ ಜಾಗ ಈಗ ಎರಡು ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ನಡುವೆ ಒಂದು ಪಟ್ಟಿಯಂತೆ ಉಳಿದಿದೆ. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಅಕ್ಕ ಹೊರಟುಬಿಟ್ಟರು. ಬೀಳಬಾರದೆಂದು ತೋಳು ಹಿಡಿದು ನಾನೂ ಹೋದೆ. ಗುಂಡಿಗೆ ಇಳಿಸುವ ಮುಂಚೆ ಅಕ್ಕನ ಮೈದುನ ಬಂದು, "ಮುಖ ನೋಡ್ಕೊಂಬುಡಿ ಅತ್ಗೆ" ಎಂದ. ಅಕ್ಕ ಮುಖ ನೋಡಲಿಲ್ಲ. ಬಗ್ಗಿ ಕೊರಳ ಹಿಂದೆ ಕೈ ಹಾಕಿ ಗಂಟು ಹುಡುಕಿದರು. ದೊಡ್ಡಮ್ಮನ ಗಂಟು ಬಿಗಿ. ಉಗುರಿನಿಂದ ಕೆದಕಿದರು, ಬಿಚ್ಚಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಬ್ಬ ಫೋನು ಎತ್ತಿ ಹಿಡಿದಿದ್ದ. ಅಕ್ಕ ಮಂಡಿಯೂರಿ, ಮಗಳ ಕತ್ತಿನ ಹತ್ತಿರ ಬಾಯಿಟ್ಟು, ಹಲ್ಲಿನಿಂದ ದಾರ ಕಡಿದರು. ಕೊಂಬನ್ನು ಕಾಂಪೌಂಡಿನ ಆಚೆ ಎಸೆದು, "ಈಗ ಇಳಿಸ್ರಪ್ಪ" ಎಂದರು.

ಅವರ ತುಟಿಗೆ ಅರಿಶಿನ ಮೆತ್ತಿತ್ತು. ಒರೆಸಲು ನನ್ನ ಸೆರಗು ಚಾಚಿದೆ. ಅವರು ತಮ್ಮ ಸೆರಗಿನಲ್ಲೇ ಒರೆಸಿಕೊಂಡರು.

ಸ್ನಾನ ಮಾಡಿ ಕೂತಿದ್ದ ದೊಡ್ಡಮ್ಮ ಸಂಜೆ ಕೇಳಿದಳು, "ಎಲ್ಲ ಸರ್ಯಾಗ್ ಆಯ್ತಾ?"

ಆಯಿತು ಎಂದೆ.

ಅಂದಿನಿಂದ ನಮ್ಮ ಬೀದಿಯ ಮಾತು ಒಂದೇ. ಏನೇ ಆಗ್ಲಿ, ಮುತ್ತೈದೆಯಾಗಿ ಹೋದ್ಲು. ಅಂಗಡಿಯಲ್ಲಿ, ಅರಳಿಕಟ್ಟೆಯಲ್ಲಿ, ನಲ್ಲಿಯ ಹತ್ತಿರ ಅಕ್ಕನ ಕಿವಿಗೇ ಬೀಳುವಂತೆ ಹೇಳುತ್ತಾರೆ, ಸಮಾಧಾನ ಎಂದುಕೊಂಡು. ಗುಂಡಿಯ ಹತ್ತಿರವಿದ್ದ ಗಂಡಸರು ಮನೆತನದ ಮರ್ಯಾದೆಗೆ ಬಾಯಿ ಬಿಡಲಿಲ್ಲ, ಬಾಲ್ಕನಿಯವನಿಗೆ ನಾವು ಯಾರೆಂದೇ ತಿಳಿಯದು. ನನಗೆ ಗೊತ್ತಿದ್ದದ್ದನ್ನು ನಾನೂ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಮಾತು ನಿಲ್ಲುತ್ತಿತ್ತು, ಆದರೆ ಅಕ್ಕನ ಬಗ್ಗೆ ಬೇರೆ ಮಾತು ಶುರುವಾಗುತ್ತಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಹನ್ನೊಂದನೆಯ ದಿನ ಮುತ್ತೈದೆಯರನ್ನು ಕೂರಿಸಿ ಊಟ ಹಾಕಬೇಕು. ದೊಡ್ಡಮ್ಮ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಕರೆಯಲು ಬರುತ್ತಾರೆಂದು ಜಗಲಿಯ ಮೇಲೆ ಕಾದಳು. ಯಾರೂ ಬರಲಿಲ್ಲ. ಹೊತ್ತು ನೆತ್ತಿಗೇರಿದಾಗ ಬಾಗಲಕೋಟೆಯ ಹೆಂಗಸು ಅಕ್ಕನ ಗೇಟು ತೆಗೆದು ಒಳಗೆ ಹೋದದ್ದು ಕಂಡಿತು. ಅವಳ ಹಿಂದೆಯೇ ಒಗ್ಗರಣೆಯ ವಾಸನೆ ಬೀದಿಗೆ ಬಂತು.

"ಬಾಡಿಗೆಯೋಳ್ನ ಕರೆದವ್ಳೆ. ನಮ್ಮನ್ಯಾಕೆ ಕರೀನಿಲ್ಲ?" ಎಂದಳು ದೊಡ್ಡಮ್ಮ. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. "ನಾನೇನ್ ಕಮ್ಮಿ ಮಾಡ್ದೆ ಆ ಮಗೀಗೆ? ಯೋಳು ನೀನೇ."

"ದುಃಖದಲ್ಲಿ ಮರ್ತಿರ್ಬೇಕು ದೊಡ್ಡಮ್ಮ" ಎಂದೆ.

ಅವಳು ನಂಬಿದಳು. ಎದ್ದು ಒಳಗೆ ಹೋಗಿ ತಟ್ಟೆಗೆ ಅನ್ನ ಹಾಕಿಕೊಂಡು, ನನ್ನನ್ನೂ ಊಟಕ್ಕೆ ಬಾ ಎಂದು ಕರೆದಳು.